ಓದುಗರ ಪ್ರಶ್ನೆ: ಮನೆಯ ಗ್ಯಾರೇಜಿಗೆ ಎಷ್ಟು ದೊಡ್ಡ ಟೂಲ್ ಚೆಸ್ಟ್ ಬೇಕು?

ಪ್ರಶ್ನೆ: ಮನೆಯ ಗ್ಯಾರೇಜಿನಲ್ಲಿ ಕಾರಿನ ಸಣ್ಣಪುಟ್ಟ ರಿಪೇರಿಯನ್ನೂ ರಜಾದಿನಗಳಲ್ಲಿ ಸ್ವಲ್ಪ ಮರಗೆಲಸವನ್ನೂ ಮಾಡಿಕೊಳ್ಳುತ್ತೇನೆ. ಉಪಕರಣಗಳೆಲ್ಲ ಈಗ ಮೂರು ಪ್ಲಾಸ್ಟಿಕ್ ಡಬ್ಬಗಳಲ್ಲಿಯೂ ಒಂದು ಗೋಣಿಚೀಲದಲ್ಲಿಯೂ ಇವೆ. ಚಕ್ರಗಳಿರುವ ಉಕ್ಕಿನ ಟೂಲ್ ಚೆಸ್ಟ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. 27, 42 ಮತ್ತು 52 ಇಂಚು ಅಗಲದವನ್ನು ನೋಡಿ ಬಂದಿದ್ದೇನೆ. ಗ್ಯಾರೇಜು 10 ಅಡಿ ಅಗಲ, 18 ಅಡಿ ಉದ್ದ ಇದೆ. ಕಾರು ಐದೂಮುಕ್ಕಾಲು ಅಡಿ ಅಗಲ, 13 ಅಡಿ ಉದ್ದ. ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಬೇಕೆಂದು ಸ್ನೇಹಿತರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ತಾವು ಗ್ಯಾರೇಜಿನ ಮತ್ತು ಕಾರಿನ ಅಳತೆಗಳನ್ನು ಬರೆದು ಕಳಿಸಿದ್ದರಿಂದ ಉತ್ತರಿಸುವುದು ಸುಲಭವಾಯಿತು. ಹೆಚ್ಚಿನವರು ಪೆಟ್ಟಿಗೆಯ ಅಳತೆಯನ್ನಷ್ಟೇ ಬರೆದು ಸಾಕೇ ಎಂದು ಕೇಳುತ್ತಾರೆ. ಆದರೆ ಪೆಟ್ಟಿಗೆ ಮುಚ್ಚಿರುವಾಗ ಹಿಡಿಯುವ ಜಾಗ ಒಂದು, ಡ್ರಾಯರನ್ನು ಪೂರ್ತಿ ಎಳೆದು ಅದರ ಮುಂದೆ ಒಬ್ಬರು ನಿಂತಾಗ ಹಿಡಿಯುವ ಜಾಗ ಇನ್ನೊಂದು. ಆಯ್ಕೆ ಮಾಡಬೇಕಾದದ್ದು ಎರಡನೆಯದನ್ನು ನೋಡಿ.

ತಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಾರನ್ನು ಒಂದು ಬದಿಯ ಗೋಡೆಯಿಂದ ಒಂದೂಕಾಲು ಅಡಿ ಬಿಟ್ಟು ನಿಲ್ಲಿಸಿದರೆ ಇನ್ನೊಂದು ಬದಿಯಲ್ಲಿ 36 ಇಂಚು ಉಳಿಯುತ್ತದೆ. 18 ಇಂಚು ಆಳದ ಚೆಸ್ಟನ್ನು ಅಲ್ಲಿಟ್ಟು, ಸುಮಾರು 16 ಇಂಚು ಹೊರಬರುವ ಡ್ರಾಯರನ್ನು ಎಳೆದರೆ 34 ಇಂಚು ಮುಗಿದುಹೋಗುತ್ತದೆ. ಉಳಿದ ಎರಡು ಇಂಚಿನಲ್ಲಿ ಯಾರೂ ನಿಲ್ಲಲಾರರು. ಕಾರಿನ ಬಾಗಿಲಂತೂ ತೆರೆಯುವುದಿಲ್ಲ. ಆದ್ದರಿಂದ ಪಕ್ಕದ ಗೋಡೆಯ ಆಸೆಯನ್ನು ಬಿಡಬೇಕು. ಕಾರಿನ ಮೂತಿಯ ಎದುರಿಗಿರುವ ಗೋಡೆಯ ಬಳಿ, ಹಿಂದೆ ಗ್ಯಾರೇಜಿನ ಬಾಗಿಲಿಗಾಗಿ ಅರ್ಧ ಅಡಿ ಬಿಟ್ಟರೂ, 54 ಇಂಚು ಸಿಗುತ್ತದೆ. ಅದೇ 18 ಇಂಚಿನ ಚೆಸ್ಟನ್ನು ಅಲ್ಲಿಟ್ಟರೆ ಡ್ರಾಯರ್ ತೆರೆದ ಮೇಲೂ 20 ಇಂಚು ಉಳಿಯುತ್ತದೆ. ಇದು ಧಾರಾಳವೇನಲ್ಲ, ತುಸು ಓರೆಯಾಗಿ ನಿಂತು ಕೆಲಸ ಮಾಡಬಹುದು. ಆದರೆ 24 ಇಂಚು ಆಳದ ಚೆಸ್ಟಾದರೆ, 22 ಇಂಚು ಹೊರಬರುವ ಅದರ ಡ್ರಾಯರೂ ಸೇರಿ 46 ಇಂಚು ಬೇಕು, ಉಳಿಯುವುದು ಎಂಟೇ ಇಂಚು. ಅಂಗಡಿಯಲ್ಲಿ ಎಲ್ಲರೂ ಅಗಲದ ಬಗ್ಗೆ ಮಾತನಾಡುತ್ತಾರೆ, ಆಳವನ್ನು ಕೇಳುವವರು ಕಡಿಮೆ. ತಮ್ಮ ಗ್ಯಾರೇಜಿನಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಆಳವೇ: 18 ಇಂಚು, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಅಗಲದ ವಿಚಾರ. ಒಂದು ಸಂಜೆ ಕಾರನ್ನು ಹೊರಗೆ ನಿಲ್ಲಿಸಿ, ನೆಲಕ್ಕೆ ಹಳೆಯ ಪತ್ರಿಕೆಗಳನ್ನು ಹಾಸಿ, ಡಬ್ಬಗಳಲ್ಲಿಯೂ ಗೋಣಿಚೀಲದಲ್ಲಿಯೂ ಇರುವುದನ್ನೆಲ್ಲ ಒಂದರ ಮೇಲೊಂದು ಬೀಳದಂತೆ, ನಡುವೆ ಬೆರಳು ತೂರುವಷ್ಟು ಎಡೆ ಬಿಟ್ಟು ಜೋಡಿಸಿ. ಸ್ಪ್ಯಾನರ್, ಸಾಕೆಟ್, ಸ್ಕ್ರೂಡ್ರೈವರ್, ಪ್ಲೈಯರ್‌ಗಳಂಥ ಚಪ್ಪಟೆ ಸಾಮಾನುಗಳು ಒಂದು ಕಡೆ ಇರಲಿ. ಡ್ರಿಲ್ ಮಷೀನು, ಗ್ರೈಂಡರು, ದೊಡ್ಡ ಸುತ್ತಿಗೆಯಂಥ ದಪ್ಪನೆಯವು ಇನ್ನೊಂದು ಕಡೆ ಇರಲಿ. ಚಪ್ಪಟೆ ಸಾಮಾನುಗಳು ಎಷ್ಟು ಚದರ ಅಡಿ ಹಿಡಿದವೆಂದು ಅಳೆದು, ಮುಂದೆ ಸೇರುವ ಸಾಮಾನಿಗೆಂದು ಅದರ ಮೂರನೆಯ ಒಂದು ಭಾಗವನ್ನು ಕೂಡಿಸಿಕೊಳ್ಳಿ. 27 ಇಂಚಿನ ಚೆಸ್ಟಿನ ಒಂದು ಡ್ರಾಯರಿನ ಒಳ ಅಗಲ ಹೆಚ್ಚುಕಡಿಮೆ 22 ಇಂಚಾಗಿರುವುದರಿಂದ ಅದರಲ್ಲಿ ಸುಮಾರು ಎರಡೂವರೆ ಚದರ ಅಡಿ ಸಿಗುತ್ತದೆ. 42 ಇಂಚಿನದರಲ್ಲಿ ನಾಲ್ಕು ಚದರ ಅಡಿ. ನೆಲದ ಮೇಲೆ 9 ಚದರ ಅಡಿ ಆದರೆ, ಮೂರನೆಯ ಒಂದು ಭಾಗ ಸೇರಿ 12 ಚದರ ಅಡಿಗೆ 27 ಇಂಚಿನದರಲ್ಲಿ ಐದು ಡ್ರಾಯರ್ ಬೇಕು, 42 ಇಂಚಿನದರಲ್ಲಿ ಮೂರು ಸಾಕು. ಅಂದರೆ ಚಿಕ್ಕ ಚೆಸ್ಟಿನಲ್ಲಿ ಚಪ್ಪಟೆ ಸಾಮಾನುಗಳೇ ಡ್ರಾಯರುಗಳನ್ನು ಆಕ್ರಮಿಸಿ, ದಪ್ಪ ಸಾಮಾನುಗಳಿಗೆ ಜಾಗವಿಲ್ಲದಂತಾಗುತ್ತದೆ.

ಉದ್ದನೆಯ ಸಾಮಾನುಗಳನ್ನು ಪ್ರತ್ಯೇಕವಾಗಿ ನೋಡಿ. ಬೋಲ್ಟನ್ನು ಗೊತ್ತುಪಡಿಸಿದಷ್ಟೇ ಬಿಗಿಯುವ, ಅರ್ಧ ಇಂಚು ಡ್ರೈವಿನ (ಸಾಕೆಟ್ ಸಿಕ್ಕಿಸುವ ಚೌಕ ತುದಿಯ) ಟಾರ್ಕ್ ರೆಂಚುಗಳಲ್ಲಿ ಎರಡು ಅಡಿಯವರೆಗಿನವೂ ಇವೆ. ಅಂಥದ್ದು 22 ಇಂಚಿನ ಡ್ರಾಯರಿನಲ್ಲಿ ನೇರವಾಗಿ ಮಲಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಹಿಡಿಯುತ್ತದೆ, ಆದರೆ ಆ ಒಂದು ಉಪಕರಣಕ್ಕಾಗಿ ಡ್ರಾಯರು ಎರಡು ತ್ರಿಕೋನಗಳಾಗಿ ಒಡೆದು ಉಳಿದ ಜಾಗ ದಂಡವಾಗುತ್ತದೆ.

ಡ್ರಾಯರುಗಳ ಎತ್ತರದ ಬಗ್ಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಮೊದಲು ಕೊಂಡ ಚೆಸ್ಟಿನಲ್ಲಿ ಡ್ರಾಯರುಗಳ ಸಂಖ್ಯೆಗೆ ಮರುಳಾಗಿದ್ದೆ. ಒಂದನ್ನು ಬಿಟ್ಟು ಉಳಿದವೆಲ್ಲ ಎರಡು ಇಂಚಿನವು. ಸ್ಪ್ಯಾನರುಗಳು ಸಾಲುಸಾಲಾಗಿ ಸೊಗಸಾಗಿ ಕುಳಿತವು, ಗ್ರೈಂಡರು ಮಾತ್ರ ವರ್ಷಗಟ್ಟಲೆ ಚೆಸ್ಟಿನ ಪಕ್ಕದ ನೆಲದಲ್ಲೇ ಉಳಿಯಿತು. ಎರಡು ಇಂಚಿನವು ಮೂರೋ ನಾಲ್ಕೋ, ಮೂರರಿಂದ ನಾಲ್ಕು ಇಂಚಿನವು ಎರಡು, ಆರು ಇಂಚು ಅಥವಾ ಅದಕ್ಕಿಂತ ಎತ್ತರದ್ದು ಕಡೇಪಕ್ಷ ಒಂದು, ಹೀಗಿದ್ದರೆ ಕಾರಿನ ಕೆಲಸಕ್ಕೂ ಮರಗೆಲಸಕ್ಕೂ ಹೊಂದುತ್ತದೆ.

ಹಾಗಾದರೆ 52 ಇಂಚು ಏಕೆ ಬೇಡ? ಎದುರು ಗೋಡೆ 10 ಅಡಿ ಇರುವುದರಿಂದ ಅದು ಅಲ್ಲಿ ನಿಲ್ಲುವುದಕ್ಕೆ ಅಡ್ಡಿಯಿಲ್ಲ. ಆದರೆ ತಾವು ಚಕ್ರವಿರುವುದನ್ನು ಕೊಳ್ಳುತ್ತಿರುವುದು ಉರುಳಿಸುವುದಕ್ಕೆ. ನಿಂತ ಜಾಗದಲ್ಲೇ ತಿರುಗಬೇಕಾದರೆ ಪೆಟ್ಟಿಗೆಯ ಮೂಲೆಯಿಂದ ಮೂಲೆಗಿರುವಷ್ಟು ಜಾಗವಾದರೂ ಬೇಕು. 42ಕ್ಕೆ 18 ಇಂಚಿನ ಪೆಟ್ಟಿಗೆಯಲ್ಲಿ ಇದು ಸುಮಾರು 46 ಇಂಚು, 52ಕ್ಕೆ 18ರದರಲ್ಲಿ 55 ಇಂಚು, ತಮ್ಮಲ್ಲಿರುವುದು 54. ಎರಡು ಚಕ್ರಗಳು ತಿರುಗದ ಬಗೆಯವಾದರೆ ಇನ್ನೂ ಹೆಚ್ಚು ಬೇಕು. ದೊಡ್ಡದನ್ನು ಬದಿಯ ಮೂಲೆಯವರೆಗೆ ತಳ್ಳಿ, ಹಿಂದೆ ಮುಂದೆ ಎಳೆದಾಡಿ ತಿರುಗಿಸಬಹುದು, ನಿಜ. ನಾಲ್ಕು ಸಲ ಹಾಗೆ ಮಾಡಿದವರು ಐದನೆಯ ಸಲ ಸ್ಪ್ಯಾನರನ್ನು ಕೈಯಲ್ಲಿ ಹಿಡಿದುಕೊಂಡೇ ಕಾರಿನ ಬಳಿ ಹೋಗುತ್ತಾರೆ. 42 ಇಂಚು ಅಗಲ, 18 ಇಂಚು ಆಳದ್ದನ್ನೇ ಕೊಳ್ಳಿ.

ಪ್ರಶ್ನೆ: ಒಂದೊಂದು ಡ್ರಾಯರೂ 45 ಕಿಲೋ ತಡೆಯುತ್ತದೆ ಎಂದಿರುವ ಒಂಬತ್ತು ಡ್ರಾಯರಿನ ಚೆಸ್ಟಿನಲ್ಲಿ 405 ಕಿಲೋ ತುಂಬಬಹುದೇ?

ಉತ್ತರ: ತುಂಬಬಾರದು. 45 ಕಿಲೋ ಎಂಬುದು ಆ ಡ್ರಾಯರು ಜಾರುವ ಹಳಿಗಳ, ಅಂದರೆ ಬಾಲ್ ಬೇರಿಂಗ್ ಸ್ಲೈಡುಗಳ, ಮಿತಿ. ಪೂರ್ತಿ ಚೆಸ್ಟಿನ ಮಿತಿಯನ್ನು ಚಕ್ರಗಳು ಮತ್ತು ತಳದ ಚೌಕಟ್ಟು ನಿರ್ಧರಿಸುತ್ತವೆ, ಅದನ್ನು ಬೇರೆಯಾಗಿ ನಮೂದಿಸಿರುತ್ತಾರೆ. ಚಕ್ರಗಳ ಲೆಕ್ಕದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಗ್ಯಾರೇಜಿನ ನೆಲ ಸಂಪೂರ್ಣ ಸಮತಟ್ಟಾಗಿರುವುದು ಅಪರೂಪವಾದ್ದರಿಂದ, ಉರುಳಿಸುವಾಗ ಎಷ್ಟೋ ಸಲ ಮೂರೇ ಚಕ್ರಗಳು ಭಾರ ಹೊರುತ್ತವೆ. ಹಾಗಾಗಿ ಒಟ್ಟು ತೂಕವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ ನೋಡಬೇಕು: ಚೆಸ್ಟು 80 ಕಿಲೋ, ಸಾಮಾನು 150 ಕಿಲೋ ಆದರೆ ಪ್ರತಿ ಚಕ್ರವೂ 77 ಕಿಲೋಗೆ ಕಡಿಮೆಯಿಲ್ಲದಂತೆ ತಡೆಯುವಂಥದ್ದಾಗಿರಬೇಕು. ಭಾರವಾದವುಗಳನ್ನು ತಳದ ಡ್ರಾಯರುಗಳಲ್ಲಿಯೇ ಇಡಿ. ಮೇಲಿನ ತುಂಬಿದ ಡ್ರಾಯರುಗಳನ್ನು ಒಟ್ಟಿಗೆ ಎಳೆದರೆ ಚೆಸ್ಟು ಮುಗ್ಗರಿಸಿ ಎಳೆದವರ ಮೇಲೆಯೇ ಬೀಳಬಹುದು. ನೀರು ಹೊರಗೆ ಹರಿಯಲೆಂದು ಗ್ಯಾರೇಜಿನ ನೆಲವನ್ನು ಬಾಗಿಲ ಕಡೆಗೆ ಇಳಿಜಾರಾಗಿ ಹಾಕುವ ರೂಢಿಯಿದೆ. ಒಳಗೋಡೆಗೆ ಒರಗಿಸಿದ ಚೆಸ್ಟಿನ ಡ್ರಾಯರುಗಳು ಆ ಇಳಿಜಾರಿನ ಕಡೆಗೇ ತೆರೆಯುತ್ತವೆ. ಆದ್ದರಿಂದ ಚಕ್ರಗಳಿಗೆ ಬ್ರೇಕು, ಡ್ರಾಯರುಗಳಿಗೆ ತಾನಾಗಿ ಜಾರದಂತೆ ತಡೆಯುವ ಕೊಂಡಿ, ಎರಡೂ ಇರಬೇಕು.

ಪ್ರಶ್ನೆ: 27 ಇಂಚಿನ ಚೆಸ್ಟಿನ ಮೇಲೆ ಅದೇ ಅಗಲದ ಇನ್ನೊಂದು ಪೆಟ್ಟಿಗೆ ಕೂರಿಸಿಕೊಂಡರೆ ದೊಡ್ಡ ಚೆಸ್ಟಿನ ಅಗತ್ಯವೇ ಇರುವುದಿಲ್ಲವಲ್ಲವೇ?

ಉತ್ತರ: ಗೋಡೆಯ ಬಳಿ ಮೂರು ಅಡಿಯೂ ಸಿಗದವರಿಗೆ ಇದು ಒಳ್ಳೆಯ ಉಪಾಯ. ಆದರೆ ಮೊಣಕೈಗಿಂತ ಸ್ವಲ್ಪ ಕೆಳಗಿರುವ ಚೆಸ್ಟಿನ ಮೇಲ್ಭಾಗವೇ ಗ್ಯಾರೇಜಿನಲ್ಲಿ ಬಹುಪಾಲು ಕೆಲಸ ನಡೆಯುವ ಜಾಗ. ಬಿಚ್ಚಿದ ಭಾಗಗಳನ್ನು ಹರಡಿಕೊಳ್ಳುವುದೂ ಬೋಲ್ಟುಗಳನ್ನು ಎಣಿಸಿಡುವುದೂ ಅಲ್ಲಿಯೇ. ಮೇಲೊಂದು ಪೆಟ್ಟಿಗೆ ಬಂದರೆ ಅದು ಹೋಗುತ್ತದೆ. ತೂಕವೂ ಮೇಲಕ್ಕೇರುವುದರಿಂದ ಅದನ್ನು ಆಗಾಗ ಉರುಳಿಸುವುದು ಕ್ಷೇಮವಲ್ಲ.

ಪ್ರಶ್ನೆ: ತಗಡು 18 ಗೇಜಿನದೋ 22 ಗೇಜಿನದೋ, ಯಾವುದು ಉತ್ತಮ?

ಉತ್ತರ: ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 18 ಗೇಜು ಸುಮಾರು 1.2 ಮಿಲಿಮೀಟರು, 22 ಗೇಜು ಮುಕ್ಕಾಲು ಮಿಲಿಮೀಟರಿನಷ್ಟು. 42 ಇಂಚಿನ ಚೆಸ್ಟಿಗೆ ಮೊದಲನೆಯದು ಮೇಲು. ಅಂಗಡಿಯಲ್ಲಿ ಅತ್ಯಂತ ಅಗಲವಾದ ಡ್ರಾಯರನ್ನು ಪೂರ್ತಿ ಹೊರಗೆಳೆದು, ಅದರ ಒಂದು ಮೂಲೆಯನ್ನು ಅಂಗೈಯಿಂದ ಒತ್ತಿ ನೋಡಿ; ಇನ್ನೊಂದು ಮೂಲೆ ಮೇಲೆದ್ದರೆ ಬೇರೆ ಚೆಸ್ಟನ್ನು ತೋರಿಸಲು ಹೇಳಿ.