ಸಾಫ್ಟ್‌ವೇರ್ ಕೆಲಸದಲ್ಲಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಓದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ?

ಖಂಡಿತ ಬರುತ್ತದೆ, ಆದರೆ ದಿನಾ ಅಲ್ಲ. ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಧನ), ಟೆಸ್ಟಿಂಗ್, ಬೇರೆಯವರ ಹಳೇ ಕೋಡ್ ಓದುವುದು ಎಲ್ಲ ಕೆಲಸಕ್ಕೆ ಸೇರಿದ ಮೇಲೇ ಕೈಗೆ ಹತ್ತುವುದು. ಓದು ನೆರವಾಗುವುದು ಪ್ರೋಗ್ರಾಂ ಸರಿಯಾಗಿದ್ದೂ ತೆವಳುವಾಗ. ಎರಡು ಪಟ್ಟಿಗಳಲ್ಲೂ ಇರುವ ಗ್ರಾಹಕರನ್ನು ಹುಡುಕಬೇಕು ಅಂದುಕೊಳ್ಳಿ. ಲೂಪ್ ಒಳಗೆ ಲೂಪ್ ಹಾಕಿ, ಅಂದರೆ ಒಂದು ಪಟ್ಟಿಯ ಪ್ರತಿ ಹೆಸರನ್ನೂ ಇನ್ನೊಂದರ ಎಲ್ಲ ಹೆಸರುಗಳ ಜೊತೆ ಹೋಲಿಸಿದರೆ, ತಲಾ 100 ಹೆಸರಿಗೆ 10,000 ಹೋಲಿಕೆ. ಗೊತ್ತೇ ಆಗುವುದಿಲ್ಲ. ತಲಾ 1 ಲಕ್ಷವಾದರೆ? 1,000 ಕೋಟಿ ಹೋಲಿಕೆ! ಹೆಸರಿನಿಂದಲೇ ಅದರ ಜಾಗ ಲೆಕ್ಕ ಹಾಕುವ ಹ್ಯಾಶ್ ಟೇಬಲ್ ಬಳಸಿದರೆ ಸುಮಾರು 2 ಲಕ್ಷ ಹೆಜ್ಜೆ ಸಾಕು. ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ವಿಧಾನಗಳು) ಚೆನ್ನಾಗಿ ಓದಿದವರಿಗೆ ಇದು ಕೋಡ್ ಬರೆಯುವಾಗಲೇ ಹೊಳೆಯುತ್ತದೆ. ನನಗಂತೂ ಅತಿ ಜಾಸ್ತಿ ಉಪಯೋಗಕ್ಕೆ ಬಂದ ವಿಷಯ ಇದೇ. ಡಿಗ್ರಿ ಇಲ್ಲದವರು ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟೆಲ್‌ನಲ್ಲಿ ಐಐಟಿ ಪಾಠಗಳನ್ನು ಉಚಿತವಾಗಿ ನೋಡಿ ಕಲಿಯಬಹುದು.