ಗಾಂಜಾ ಸೇದಿ ನಿಧಾನವಾಗಿ ಓಡಿಸಿದರೆ ಅಪಾಯವಿಲ್ಲವೇ?

ಪ್ರಶ್ನೆ: ನನ್ನ ತಮ್ಮ ನಮ್ಮ ಕಡೆಯ ಆಲೆಮನೆಗಳಿಂದ ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಗೆ ಗೂಡ್ಸ್ ಗಾಡಿಯಲ್ಲಿ ಬೆಲ್ಲ ಸಾಗಿಸುತ್ತಾನೆ. ರಾತ್ರಿ ಹೊರಡುವ ಮುನ್ನ ಅವನು ಗಾಂಜಾ ಸೇದುವುದು ಈಚೆಗೆ ತಿಳಿಯಿತು. ‘ಕುಡಿದವರಂತೆ ಜೋರಾಗಿ ಓಡಿಸುವುದಿಲ್ಲ, ಪೊಲೀಸರು ಊದಿಸಿದರೂ ಸಿಕ್ಕಿಬೀಳುವುದಿಲ್ಲ’ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆಯೇ ಡಾಕ್ಟರೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ತಮ್ಮ ನಿಧಾನವಾಗಿ ಓಡಿಸುತ್ತಿರಬಹುದು. ಗಾಂಜಾ ಸೇದಿದ ಅನೇಕರು ತಮಗೆ ಅಮಲೇರಿರುವುದನ್ನು ಅರಿತು ವೇಗ ತಗ್ಗಿಸುವುದನ್ನೂ ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಡುವುದನ್ನೂ ಅಧ್ಯಯನಗಳು ಗುರುತಿಸಿವೆ. ಆದರೆ ರಸ್ತೆಯಲ್ಲಿ ಅನಿರೀಕ್ಷಿತವಾದುದೇನೂ ಎದುರಾಗದ ತನಕ ಮಾತ್ರ ಈ ಎಚ್ಚರ ನೆರವಿಗೆ ಬರುತ್ತದೆ. ಗಾಂಜಾದಲ್ಲಿರುವ ಟಿಎಚ್‌ಸಿ ಎಂಬ ಅಂಶವು ಏಕಕಾಲಕ್ಕೆ ಹಲವು ಕಡೆ ಗಮನವಿಡುವ ಶಕ್ತಿಯನ್ನು ಕುಗ್ಗಿಸಿ, ಕಾಲ ಮತ್ತು ದೂರದ ಅಂದಾಜನ್ನು ಕೆಡಿಸುತ್ತದೆ. ಗಾಡಿಯನ್ನು ನೇರ ಸಾಲಿನಲ್ಲಿ ನಡೆಸುವುದೇ ಕಷ್ಟವಾಗುತ್ತದೆ. ಕಬ್ಬು ಹೇರಿಕೊಂಡು ಹಿಂದಿನ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರು ಕತ್ತಲಲ್ಲಿ ದಿಢೀರನೆ ಕಂಡಾಗ, ಅದೇನೆಂದು ಗುರುತಿಸಿ ಬ್ರೇಕ್ ತುಳಿಯಲು ಒಂದೇ ಒಂದು ಸೆಕೆಂಡು ತಡವಾದರೂ, ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಅಷ್ಟರಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಮೈತುಂಬ ಬೆಲ್ಲ ಹೇರಿದ ಗಾಡಿ ನಿಲ್ಲುವುದಕ್ಕೆ ಇನ್ನೂ ದೂರ ಬೇಕು. ನನಗೆ ಭಯವಾಗುವುದು ಇಲ್ಲಿಯೇ. ಗಾಂಜಾದ ಜೊತೆ ಸ್ವಲ್ಪ ಮದ್ಯ ಸೇರಿದರೂ ವೇಗ ತಗ್ಗಿಸುವ ಆ ಎಚ್ಚರವೂ ಉಳಿಯುವುದಿಲ್ಲ.

ಸೇದಿದ ಅಮಲು ಕೆಲವೇ ನಿಮಿಷಗಳಲ್ಲಿ ಏರಿ ಹಲವು ಗಂಟೆ ಉಳಿಯುತ್ತದೆ. ನಶೆ ಇಳಿಯಿತು ಎಂದು ಸೇದಿದವರಿಗೆ ಅನ್ನಿಸುವ ಹೊತ್ತಿಗೆ ಚಾಲನೆಯ ಸಾಮರ್ಥ್ಯ ಮರಳಿರುತ್ತದೆ ಎಂಬ ಖಾತರಿಯಿಲ್ಲ.

ಪೊಲೀಸರು ಊದಿಸುವ ಯಂತ್ರ ಮದ್ಯವನ್ನಷ್ಟೇ ತೋರಿಸುತ್ತದೆ, ನಿಜ. ಆದರೆ ರಕ್ತ, ಮೂತ್ರಗಳ ಪರೀಕ್ಷೆಯಲ್ಲಿ ಗಾಂಜಾ ಪತ್ತೆಯಾಗುತ್ತದೆ. ನಿತ್ಯ ಸೇದುವವರ ಮೂತ್ರದಲ್ಲಿ ಅದರ ಕುರುಹು ವಾರಗಟ್ಟಲೆ ಉಳಿಯಬಲ್ಲದು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್, ಮಾದಕವಸ್ತುವಿನಿಂದಾಗಿ ವಾಹನವನ್ನು ಹತೋಟಿಯಲ್ಲಿಡಲಾರದ ಸ್ಥಿತಿಯಲ್ಲಿ ಓಡಿಸುವವರಿಗೂ ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೇ 6 ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಗಾಂಜಾ ಸೇವನೆಗೆ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಬೇರೆಯೇ ಶಿಕ್ಷೆಯಿದೆ.

ಅವನು ಅಮಲಿನಲ್ಲಿರುವಾಗ ವಾದಕ್ಕಿಳಿಯಬೇಡಿ. ಗಾಡಿಯ ಕೀಲಿಯನ್ನು ಮಾತ್ರ ಕೊಡಬೇಡಿ. ಹಗಲಲ್ಲಿ ಸಮಾಧಾನದಿಂದ ಕೂರಿಸಿಕೊಂಡು, ದಣಿವಿಗೋ ನಿದ್ರೆ ಬಾರದ್ದಕ್ಕೋ ಗೆಳೆಯರ ಒತ್ತಾಯಕ್ಕೋ ಸೇದುತ್ತಿದ್ದಾನೆ ಎಂಬುದನ್ನು ಕೇಳಿ ತಿಳಿಯಿರಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಉಚಿತವಾಗಿ ಸಲಹೆ ಸಿಗುತ್ತದೆ, ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಬಹುಕಾಲ ಸೇದಿದವರು ಅದನ್ನು ಬಿಟ್ಟಾಗ ಮೊದಲ ಒಂದೆರಡು ವಾರ ನಿದ್ರೆ ಕೆಡುವುದು, ಸಿಡುಕು ಹೆಚ್ಚುವುದು, ಹಸಿವು ತಗ್ಗುವುದು ಸಾಮಾನ್ಯವಾದ್ದರಿಂದ, ಆ ದಿನಗಳಲ್ಲಿ ರಾತ್ರಿಯ ಬಾಡಿಗೆಗೆ ಬೇರೊಬ್ಬ ಚಾಲಕನನ್ನು ಗೊತ್ತುಮಾಡಿಕೊಳ್ಳಿ.