ಮೊದಲ ಕೆಲಸ ಕೊಟ್ಟವರಿಗೆ ‘ಇನ್ನು ಸಾಕು’ ಅನ್ನೋದು ಹೇಗೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು, 27 ವರ್ಷ. ಮುಳ್ಳಯ್ಯನಗಿರಿ ಕಡೆಯ ಕಾಫಿ ತೋಟದ ಒಂದು ಹೋಮ್‌ಸ್ಟೇಯ ಇನ್‌ಸ್ಟಾಗ್ರಾಂ, ವೆಬ್‌ಸೈಟ್, ಬುಕಿಂಗ್ ಮೆಸೇಜುಗಳನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ತಿಂಗಳಿಗೆ 12,000 ರೂಪಾಯಿಯ ಫ್ರೀಲಾನ್ಸ್ ಕರಾರು. ಮಾಲೀಕರು ಅಪ್ಪನ ಸ್ನೇಹಿತರು, ನನಗೆ ಮೊದಲ ಕೆಲಸ ಕೊಟ್ಟವರು. ಈಗ ರಾತ್ರಿ ಹನ್ನೊಂದಕ್ಕೂ ವಾಯ್ಸ್ ಮೆಸೇಜ್ ಬರುತ್ತದೆ. ಎರಡು ತಿಂಗಳ ದುಡ್ಡು ಬಾಕಿ. ಮದುವೆ ಗೊತ್ತಾಗಿದೆ ಅಂತ ಹೇಳಿ ಬಿಟ್ಟುಬಿಡಲಾ? ದುಡ್ಡು ಬರುವವರೆಗೆ ಪಾಸ್‌ವರ್ಡ್ ಕೊಡದೆ ಇರಬಹುದಾ?

ಉತ್ತರ: ಮದುವೆಯ ಸುಳ್ಳು ಮಾತ್ರ ಬೇಡ ಮಾರಾಯ್ತಿ. ನೀವು ತೋಟದಿಂದ ಎಂ.ಜಿ. ರಸ್ತೆಗೆ ಬರುವಷ್ಟರಲ್ಲಿ ಆ ಸುದ್ದಿ ನಿಮ್ಮಮ್ಮನ ಕಿವಿಗೆ ಬಿದ್ದಿರುತ್ತದೆ. ಹುಡುಗ ಯಾವ ಊರು ಅಂತ ಕೇಳಿದವರಿಗೆಲ್ಲ ಏನು ಹೇಳುತ್ತೀರಿ?

ನಿಮ್ಮ ಪತ್ರ ಉದ್ದವಿತ್ತು, ಇಲ್ಲಿ ಚಿಕ್ಕದು ಮಾಡಿದ್ದೇನೆ. ‘ಮೊದಲ ಕೆಲಸ ಕೊಟ್ಟವರು’ ಅನ್ನೋದನ್ನು ನಾಲ್ಕು ಸಲ ಬರೆದಿದ್ದೀರಿ. ಆ ಋಣ ನಿಜವೇ. ಅವರ ಮನೆಯ ಕಾರ್ಯಕ್ಕೆ ಹೋಗಿ ಎರಡು ಪಂಕ್ತಿ ಬಡಿಸಿ ಬನ್ನಿ. ರಾತ್ರಿ ಹನ್ನೊಂದಕ್ಕೆ ಗೆಸ್ಟ್‌ಗಳಿಗೆ ಉತ್ತರ ಕೊಟ್ಟು ತೀರಿಸಬೇಡಿ.

ಕರಾರಿನಲ್ಲಿ 30 ದಿನದ ನೋಟಿಸ್ ಇದೆ ಅಂದಿದ್ದೀರಿ. ಅಕ್ಟೋಬರ್ ಕೊನೆಗೆ ಹೇಳಿದರೆ ನವೆಂಬರ್ 30ಕ್ಕೆ ಮುಗಿಯುತ್ತದೆ. ಡಿಸೆಂಬರ್ ಕೊನೆ ವಾರ ರೂಮೆಲ್ಲ ತುಂಬುವ ಹೊತ್ತಿಗೆ ಹೊಸಬರಿಗೂ ಕೆಲಸ ಕೈಗೆ ಹತ್ತಿರುತ್ತದೆ. ವಾಟ್ಸಾಪ್‌ನಲ್ಲಿ ಹೇಳಬೇಡಿ. ಬೆಳಿಗ್ಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿ ಅವರು ತಿಂಡಿಗೆ ಬರುವ ಹೊತ್ತಿಗೆ ಹೋಗಿ ಹೇಳಿ. ಅದೇ ದಿನ ಇಷ್ಟು ಇಮೇಲ್ ಮಾಡಿ: ‘ಅಂಕಲ್, ಬೆಳಿಗ್ಗೆ ಹೇಳಿದ ಹಾಗೆ ನವೆಂಬರ್ 30 ನನ್ನ ಕೊನೆಯ ದಿನ. ಅಷ್ಟರೊಳಗೆ ಎಲ್ಲ ಅಕೌಂಟ್ ನಿಮಗೆ ಒಪ್ಪಿಸುತ್ತೇನೆ. ಎರಡು ತಿಂಗಳ ಬಾಕಿ 24,000, ಬಿಲ್ ಜೊತೆಗಿದೆ.’ ಕಾರಣ ಕೇಳಿದರೆ ಇಷ್ಟೊಂದು ಸಮಯ ಕೊಡೋಕೆ ಆಗ್ತಿಲ್ಲ ಅನ್ನಿ. ಅದು ಸತ್ಯ ತಾನೆ? ದೂರುಗಳ ಪಟ್ಟಿ ಓದಬೇಡಿ.

ಪಾಸ್‌ವರ್ಡ್ ಹಿಡಿದಿಟ್ಟುಕೊಳ್ಳುವುದು ಬೇಡವೇ ಬೇಡ. ಅಕೌಂಟ್ ಅವರದು. ಫೋಟೊಗಳೂ ಅಷ್ಟೇ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ತೆಗೆಸಿದವರಿಗೇ ಸೇರುತ್ತದೆ. ಗೂಗಲ್ ಮ್ಯಾಪ್‌ನ ಹೋಮ್‌ಸ್ಟೇ ಪ್ರೊಫೈಲ್ ನಿಮ್ಮ ಹೆಸರಲ್ಲಿದ್ದರೆ ಅವರನ್ನು ಈಗಲೇ ಓನರ್ ಆಗಿ ಸೇರಿಸಿ. ಸೇರಿಸಿ ಏಳು ದಿನ ಕಳೆಯದೆ ಅವರನ್ನು ಮುಖ್ಯ ಓನರ್ ಮಾಡಲು ಬರುವುದಿಲ್ಲ. ಕೊನೆ ದಿನಕ್ಕೆ ಇಟ್ಟುಕೊಂಡರೆ ಡಿಸೆಂಬರ್‌ನಲ್ಲೂ ನಿಮಗೇ ಫೋನ್ ಬರುತ್ತದೆ.

ಇನ್ನು ಬಾಕಿ. ‘ಕಾಫಿ ಮಾರಿದ ಮೇಲೆ ನೋಡೋಣ’ ಅಂತಾರೆ, ಬರೆದಿಟ್ಟುಕೊಳ್ಳಿ. ತೋಟದವರಿಗೆ ದುಡ್ಡು ಬರೋದು ಕೊಯ್ಲಾದ ಮೇಲೆ, ನಿಜ. ಆದರೆ ರೂಮಿನ ಬಾಡಿಗೆ ವಾರ ವಾರ ಬರುತ್ತಲ್ವಾ? ‘ನವೆಂಬರ್‌ನಲ್ಲಿ ಅರ್ಧ, ಡಿಸೆಂಬರ್‌ನಲ್ಲಿ ಅರ್ಧ ಕೊಡಿ ಅಂಕಲ್’ ಅಂತ ನೀವೇ ದಾರಿ ತೋರಿಸಿ. ನಿಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇದ್ದರೆ, ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಕಡೆಗಿದೆ. ಕರಾರಿನಲ್ಲಿ ಏನೇ ಇದ್ದರೂ ದುಡ್ಡಿಗೆ 45 ದಿನಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ. 24 ಸಾವಿರಕ್ಕೆ ಅಪ್ಪನ ಗೆಳೆಯರ ಮೇಲೆ ದೂರು ಕೊಡಿ ಅಂತ ನಾನಂತೂ ಹೇಳಲಾರೆ. ಗೊತ್ತಿದ್ದರೆ ಕೇಳುವಾಗ ದನಿ ನಡುಗುವುದಿಲ್ಲ, ಅಷ್ಟೇ.

‘ಇದೊಂದು ಸೀಸನ್ ಮುಗಿಸಿ ಹೋಗಮ್ಮ’ ಅಂದರೆ? ‘ಇಲ್ಲ ಅಂಕಲ್, 30ಕ್ಕೇ ಬಿಡ್ತೀನಿ’ ಅಂದು, ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ. ಹಾಂ, ಅಪ್ಪನಿಗೆ ಹಿಂದಿನ ರಾತ್ರಿಯೇ ಹೇಳಿರಿ. ಅವರಿಗೆ ಇದು ಗೆಳೆಯನ ಫೋನಿಂದ ಗೊತ್ತಾಗಬಾರದು.